ರೇಸ್ ಕೊಟ್ಟಾಗ ಗಾಡಿ ಸದ್ದು ಮಾಡುತ್ತಿದೆಯೇ? ಎಲ್ಲಿಂದ ಎನ್ನುವ ಮೊದಲು ಯಾವಾಗ ಎಂದು ಗಮನಿಸಿ



ಹಸು ಮೇವಿಗೆ ಬಾಯಿ ಹಾಕದಿದ್ದರೆ ನೀವು ಪಶುವೈದ್ಯರಿಗೆ ಫೋನ್ ಮಾಡಿ "ಹಸುವಿಗೆ ಏನೋ ಆಗಿದೆ, ಬನ್ನಿ" ಎಂದಷ್ಟೇ ಹೇಳುವುದಿಲ್ಲ. "ನಿನ್ನೆ ಸಂಜೆಯಿಂದ ಮೆಲುಕು ಹಾಕುತ್ತಿಲ್ಲ, ಎಡಗಡೆ ಹೊಟ್ಟೆ ಉಬ್ಬಿದೆ, ತಟ್ಟಿದರೆ ತಮಟೆಯ ಹಾಗೆ ಸದ್ದು ಬರುತ್ತಿದೆ" ಎನ್ನುತ್ತೀರಿ. ಅಷ್ಟು ಕೇಳಿದರೆ ಸಾಕು, ಏನು ತರಬೇಕು, ಎಷ್ಟು ಬೇಗ ಬರಬೇಕು ಎಂದು ವೈದ್ಯರು ಅಲ್ಲಿಂದಲೇ ಅಂದಾಜು ಮಾಡಿಕೊಳ್ಳುತ್ತಾರೆ.

ಗಾಡಿಯ ವಿಷಯದಲ್ಲಿ ಮಾತ್ರ ನಾವು ಹಾಗೆ ಮಾಡುವುದಿಲ್ಲ. "ಏನೋ ಸದ್ದು ಬರ್ತಾ ಇದೆ, ಸ್ವಲ್ಪ ನೋಡಪ್ಪ" ಎಂದು ಮೆಕ್ಯಾನಿಕ್ ಕೈಗೆ ಕೀಲಿ ಕೊಟ್ಟು ಬೆಂಚಿನ ಮೇಲೆ ಕೂರುತ್ತೇವೆ. ಅವರು ಒಂದೊಂದಾಗಿ ಬಿಚ್ಚಿ ನೋಡುತ್ತಾರೆ. ಬಿಚ್ಚಿದ್ದಕ್ಕೂ ಕೂಲಿ, ಜೋಡಿಸಿದ್ದಕ್ಕೂ ಕೂಲಿ, ನಡುವೆ ಬದಲಾಯಿಸಿದ ಸಾಮಾನಿಗೂ ಹಣ. ಆ ಹಣ ಹೋಗುವುದು ಹಾಲಿನ ಬಟವಾಡೆಯಿಂದಲೇ. ಗಾಡಿ ಎರಡು ದಿನ ಗ್ಯಾರೇಜಿನಲ್ಲಿ ನಿಂತರೆ ಹುಲ್ಲು ತರುವುದು, ಪಶು ಆಹಾರದ ಚೀಲ ತರುವುದು, ದೂರದ ಮನೆಗಳ ಹಾಲನ್ನು ಹೊತ್ತಿಗೆ ಸರಿಯಾಗಿ ಸಂಘಕ್ಕೆ ಮುಟ್ಟಿಸುವುದು ಎಲ್ಲವೂ ಏರುಪೇರಾಗುತ್ತದೆ. ಬೆಳಗಿನ ಹಾಲು ದಾರಿಯಲ್ಲೇ ನಿಂತರೆ ಆಗುವ ನಷ್ಟವನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇಂದು ಬಹಳ ಮನೆಗಳಲ್ಲಿ ಒಂದು ಮೊಪೆಡ್ ಅಥವಾ ಸ್ಕೂಟರ್ ಇದೆ. ಕೆಲವರ ಮನೆಯಲ್ಲಿ ಹಳೆಯ ಕಾರು, ವ್ಯಾನು ಅಥವಾ ಸಣ್ಣ ಗೂಡ್ಸ್ ಗಾಡಿ ಇದೆ. ಓಡಿಸುವವರು ನೀವೇ ಇರಬಹುದು. ಯಜಮಾನರೋ ಮಗನೋ ಓಡಿಸುವಾಗ ನೀವು ಪಕ್ಕದಲ್ಲಿ ಕೂತಿರಬಹುದು. ಹೇಗಿದ್ದರೂ ಸದ್ದು ನಿಮ್ಮ ಕಿವಿಗೂ ಬೀಳುತ್ತದೆ. ಅದನ್ನು ಸರಿಯಾಗಿ ಗಮನಿಸಿ ಹೇಳುವುದು ಹೇಗೆ, ಯಾವುದನ್ನು ಮನೆಯಲ್ಲೇ ನೋಡಿಕೊಳ್ಳಬಹುದು, ಯಾವ ಸದ್ದು ಬಂದರೆ ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಮೊದಲು ಗಾಡಿಯನ್ನು ಖಾಲಿ ಮಾಡಿ

ಎಷ್ಟೋ ಸಲ ಸದ್ದು ಮಾಡುವುದು ಗಾಡಿಯಲ್ಲ, ಅದರೊಳಗಿನ ಸಾಮಾನು. ಖಾಲಿ ಕ್ಯಾನಿನ ಮುಚ್ಚಳ, ಹಿಂಬಾಗಿಲಿನ ಸರಪಳಿ, ಸೀಟಿನ ಕೆಳಗಿನ ಜಾಕು ಮತ್ತು ಸ್ಪ್ಯಾನರ್, ಸಡಿಲವಾದ ಸ್ಟೆಪ್ನಿ, ಇವೆಲ್ಲ ಗಾಡಿ ಜಗ್ಗಿದಾಗ ಟಣಟಣ ಎನ್ನುತ್ತವೆ. ಆದ್ದರಿಂದ ಮೊದಲ ಕೆಲಸ, ಎಲ್ಲವನ್ನೂ ಇಳಿಸಿ ಅದೇ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುವುದು. ಸದ್ದು ನಿಂತರೆ ಗ್ಯಾರೇಜಿನ ದಾರಿ ಹಿಡಿಯಬೇಕಿಲ್ಲ.

ಖಾಲಿ ಗಾಡಿಯಲ್ಲಿ ಬಾರದ ಸದ್ದು ತುಂಬಿದ ಗಾಡಿಯಲ್ಲಿ ಬಂದರೆ ಅದೂ ಒಂದು ಸುಳಿವೇ. 40 ಲೀಟರಿನ ಒಂದು ಕ್ಯಾನು ತುಂಬಿದರೆ ಹಾಲೇ ಸುಮಾರು 41 ಕೆ.ಜಿ. ತೂಗುತ್ತದೆ, ಕ್ಯಾನಿನ ತೂಕ ಬೇರೆ. ನಾಲ್ಕು ಕ್ಯಾನು ಎಂದರೆ ಇಬ್ಬರು ದೊಡ್ಡವರಿಗಿಂತ ಹೆಚ್ಚಿನ ಭಾರ. ಅಷ್ಟು ಭಾರ ಬಿದ್ದಾಗ ಹಿಂದಿನ ಪಟ್ಟಿಗಳು ಕುಗ್ಗಿ, ಟಯರು ಮಡ್‌ಗಾರ್ಡಿಗೆ ತಾಗಬಹುದು. ಸೈಲೆನ್ಸರ್ ಕೊಳವೆ ಯಾವುದಾದರೂ ಪಟ್ಟಿಗೆ ಬಡಿಯಬಹುದು. ಮೆಕ್ಯಾನಿಕ್ ಖಾಲಿ ಗಾಡಿ ಓಡಿಸಿ "ಏನೂ ಇಲ್ಲವಲ್ಲಮ್ಮ" ಎಂದರೆ, "ಭಾರ ಹಾಕಿದಾಗ ಮಾತ್ರ ಬರುತ್ತದೆ" ಎಂದು ಹೇಳಲು ಮರೆಯಬೇಡಿ.

ಮೂರು ಪರೀಕ್ಷೆ

ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಯಿಂದ ಪತ್ತೆ ಮಾಡುವುದು ಅನುಭವಿ ಮೆಕ್ಯಾನಿಕ್‌ಗೂ ಕಷ್ಟ. ಕಬ್ಬಿಣದ ಮೈಯಲ್ಲಿ ಸದ್ದು ಹರಿದು ಎಲ್ಲೋ ಹುಟ್ಟಿದ್ದು ಇನ್ನೆಲ್ಲೋ ಕೇಳಿಸುತ್ತದೆ. ಆದರೆ ಸದ್ದು ಯಾವಾಗ ಬರುತ್ತದೆ ಎಂಬುದನ್ನು ಯಾರು ಬೇಕಾದರೂ ಗಮನಿಸಬಹುದು. ಅದಕ್ಕೆ ಮೂರು ಪರೀಕ್ಷೆ ಸಾಕು.

ಒಂದನೆಯದು: ಸಮತಟ್ಟಾದ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ಗೆ ತಂದು ನಿಧಾನವಾಗಿ ರೇಸ್ ಕೊಡಿ. ನಿಂತಲ್ಲೇ ಸದ್ದು ಬಂದರೆ ದೋಷ ಇರುವುದು ಹೆಚ್ಚಾಗಿ ಇಂಜಿನ್, ಬೆಲ್ಟು ಅಥವಾ ಸೈಲೆನ್ಸರಿನಲ್ಲಿ. ಚಕ್ರ ತಿರುಗುತ್ತಿಲ್ಲವಾದ್ದರಿಂದ ಚಕ್ರದ ಕಡೆ ಹುಡುಕಬೇಕಿಲ್ಲ.

ಎರಡನೆಯದು: ನಿಂತಾಗ ಬಾರದೆ, ಗಾಡಿ ಹೊರಟು ರೇಸ್ ಕೊಟ್ಟಾಗ ಮಾತ್ರ, ಅದರಲ್ಲೂ ಏರು ಹತ್ತುವಾಗ ಜೋರಾಗಿ ಬಂದರೆ, ಅದು ಭಾರ ಎಳೆಯುವ ಅಂಗಗಳ ಸದ್ದು. ಇಂಜಿನ್ನಿನಿಂದ ಚಕ್ರಕ್ಕೆ ಶಕ್ತಿ ಮುಟ್ಟಿಸುವ ಕ್ಲಚ್, ಗೇರ್, ಶಾಫ್ಟ್, ಜಾಯಿಂಟ್, ಇಲ್ಲವೇ ಭಾರಕ್ಕೆ ತಿಣುಕುವ ಇಂಜಿನ್.

ಮೂರನೆಯದು: ಹಿಂದೆ ಮುಂದೆ ವಾಹನವಿಲ್ಲದ ನೇರ ರಸ್ತೆಯಲ್ಲಿ ಹೋಗುವಾಗ ರೇಸಿನ ಮೇಲಿಂದ ಕಾಲು ತೆಗೆಯಿರಿ. ಕಾಲು ತೆಗೆದ ತಕ್ಷಣ ಸದ್ದು ಬದಲಾದರೆ ಅದು ಎರಡನೆಯ ಗುಂಪಿನದು. ಕಾಲು ತೆಗೆದರೂ ಹಾಗೇ ಮುಂದುವರಿದು, ಗಾಡಿ ನಿಧಾನವಾದಂತೆ ತಾನೂ ನಿಧಾನವಾದರೆ ಅದು ಟಯರು, ಚಕ್ರದ ಬೇರಿಂಗ್ ಅಥವಾ ಬ್ರೇಕಿನ ಸದ್ದು.

ಈ ಪರೀಕ್ಷೆಗೆಂದು ಓಡುವ ಗಾಡಿಯ ಇಂಜಿನ್ನನ್ನು ಆಫ್ ಮಾಡಬೇಡಿ. ಇಂಜಿನ್ ನಿಂತರೆ ಬ್ರೇಕ್ ಗಟ್ಟಿಯಾಗುತ್ತದೆ, ಕೀಲಿ ತೆಗೆದರೆ ಸ್ಟಿಯರಿಂಗ್ ಲಾಕ್ ಆಗಬಹುದು. ಕಾಲು ತೆಗೆದರೆ ಸಾಕು. ಹಾಗೆಯೇ ಮುಚ್ಚಿದ ಶೆಡ್ಡಿನಲ್ಲಾಗಲಿ ಕೊಟ್ಟಿಗೆಯೊಳಗಾಗಲಿ ಇಂಜಿನ್ ಓಡಿಸಿ ಪರೀಕ್ಷೆ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮನುಷ್ಯರಿಗೂ ರಾಸುಗಳಿಗೂ ಅದು ಪ್ರಾಣಾಪಾಯ.

ನಿಂತಲ್ಲೇ ರೇಸ್ ಕೊಟ್ಟರೂ ಬರುವ ಸದ್ದು

ಕೀಂ... ಎಂಬ ಚೀರು: ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗ, ಮಳೆಗಾಲದ ತೇವದಲ್ಲಿ, ರೇಸ್ ಕೊಟ್ಟ ಕೂಡಲೇ ಕೀರಲು ಸದ್ದು ಬಂದು ಸ್ವಲ್ಪ ಹೊತ್ತಿಗೆ ನಿಂತರೆ ಸಾಮಾನ್ಯವಾಗಿ ಬೆಲ್ಟು ಜಾರುತ್ತಿದೆ ಎಂದರ್ಥ. ಆಲ್ಟರ್ನೇಟರ್ ತಿರುಗಿಸಿ ಬ್ಯಾಟರಿಗೆ ಚಾರ್ಜ್ ಕೊಡುವುದು ಈ ಬೆಲ್ಟೇ. ಕೆಲವು ಗಾಡಿಗಳಲ್ಲಿ ಇಂಜಿನ್ ತಂಪಾಗಿಸುವ ನೀರಿನ ಪಂಪನ್ನೂ ಇದೇ ತಿರುಗಿಸುತ್ತದೆ. ಇಂಜಿನ್ ಆಫ್ ಮಾಡಿ, ಕೀಲಿ ಕೈಯಲ್ಲಿಟ್ಟುಕೊಂಡು, ಟಾರ್ಚ್ ಹಿಡಿದು ನೋಡಿ. ಬೆಲ್ಟಿನ ಒಳಮೈಯಲ್ಲಿ ಬಿರುಕು, ಎಳೆ ಬಿಟ್ಟ ಅಂಚು, ಹೊಳಪು ಕಂಡರೆ ಬದಲಾಯಿಸುವ ಕಾಲ ಬಂದಿದೆ. ಬೆಲ್ಟು ಚೆನ್ನಾಗಿದ್ದು ಸಡಿಲವಾಗಿದ್ದರೆ ಬಿಗಿ ಮಾಡಿಸಿದರೆ ಸಾಕು. ಸದ್ದು ಅಡಗಿಸಲು ಎಣ್ಣೆ ಹಚ್ಚುವವರಿದ್ದಾರೆ. ಎಣ್ಣೆಯಿಂದ ಬೆಲ್ಟು ಇನ್ನಷ್ಟು ಜಾರುತ್ತದೆ, ರಬ್ಬರೂ ಹಾಳಾಗುತ್ತದೆ.

ಫಟ್ ಫಟ್, ಚಟ್ ಚಟ್: ರೇಸಿನ ಜೊತೆ ಜೋರಾಗುವ ಈ ಸದ್ದು ಸೈಲೆನ್ಸರ್ ಕೊಳವೆ ತೂತಾಗಿದೆ ಅಥವಾ ಇಂಜಿನ್ನಿಗೆ ಸೇರುವ ಕಡೆ ಪ್ಯಾಕಿಂಗ್ ಹೋಗಿದೆ ಎಂಬುದರ ಗುರುತು. ಇಂಜಿನ್ ತಣ್ಣಗಿದ್ದಾಗ ಹೆಚ್ಚಾಗಿದ್ದು, ಬಿಸಿಯಾದ ಮೇಲೆ ಲೋಹ ಹಿಗ್ಗಿ ಸಂದು ಮುಚ್ಚಿ ಸದ್ದು ಕಡಿಮೆಯಾಗಲೂಬಹುದು. ಗಾಡಿ ಪೂರ್ತಿ ತಣ್ಣಗಾದ ಮೇಲೆ ಜೋಡಣೆಯ ಹತ್ತಿರ ಕಪ್ಪು ಮಸಿ ಹತ್ತಿದೆಯೇ ನೋಡಿ. ಇದು ಹೆಚ್ಚು ಖರ್ಚಿನ ಕೆಲಸವಲ್ಲ. ಪ್ಯಾಕಿಂಗ್ ಬದಲಾಯಿಸಿ ಬೋಲ್ಟ್ ಬಿಗಿ ಮಾಡಿದರೆ ಅಥವಾ ವೆಲ್ಡಿಂಗ್ ಮಾಡಿಸಿದರೆ ಆಯಿತು. ಆದರೆ ಮುಂದೂಡಬೇಡಿ. ಕಾರು, ವ್ಯಾನಿನಲ್ಲಿ ಗಾಜು ಏರಿಸಿಕೊಂಡು ಹೋಗುವಾಗ ಆ ಹೊಗೆ ಒಳಗೆ ಸೇರಬಹುದು. ಗಾಡಿಯಲ್ಲಿ ಕೂತಾಗ ತಲೆನೋವು, ತಲೆಸುತ್ತು, ಮಂಪರು ಕಂಡರೆ ಕೂಡಲೇ ಗಾಜು ಇಳಿಸಿ, ಗಾಡಿ ನಿಲ್ಲಿಸಿ ಕೆಳಗಿಳಿಯಿರಿ.

ಜಿರ್‍ರ್ ಎಂಬ ಕಂಪನ: ರೇಸಿನ ಒಂದು ಮಟ್ಟದಲ್ಲಿ ಮಾತ್ರ ಬಂದು, ಅದಕ್ಕಿಂತ ಹೆಚ್ಚಿಸಿದರೆ ನಿಲ್ಲುವ ತಗಡಿನ ಸದ್ದು. ಸೈಲೆನ್ಸರಿನ ಮೇಲಿರುವ ಶಾಖ ತಡೆಯುವ ತಗಡು, ನಂಬರ್ ಪ್ಲೇಟು, ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ಪು, ಇವುಗಳಲ್ಲಿ ಯಾವುದೋ ಒಂದು ಸಡಿಲವಾಗಿರುತ್ತದೆ. ಒಂದು ಬೋಲ್ಟಿನಲ್ಲಿ ಮುಗಿಯುವ ಕೆಲಸ ಇದು.

ಸುಯ್ ಎಂದು ಗಾಳಿ ಎಳೆಯುವ ಸದ್ದು: ಹಾಲು ಕರೆಯುವ ಯಂತ್ರದ ಕಪ್ಪು ಮೊಲೆಯಿಂದ ಜಾರಿದಾಗ ಬರುವ ಸದ್ದು ನಿಮಗೆ ಗೊತ್ತು. ಇಂಜಿನ್ನಿನಲ್ಲೂ ಗಾಳಿಯ ಕೊಳವೆ ಬಿರಿದರೆ ಅಥವಾ ಕ್ಲಿಪ್ ಜಾರಿದರೆ ಅಂಥದೇ ಸದ್ದು ಬರುತ್ತದೆ. ಡೀಸೆಲ್ ಗಾಡಿಯಲ್ಲಿ ಇದರ ಜೊತೆಗೆ ಪಿಕಪ್ ಇಳಿದು ಕಪ್ಪು ಹೊಗೆ ಬಂದರೆ ಟರ್ಬೋದ ಕೊಳವೆಯನ್ನೂ ನೋಡಲು ಹೇಳಿ. ಇಲ್ಲಿ ಇನ್ನೊಂದು ಮಾತು. ಹಿಂಡಿ, ಬೂಸಾ ಇಡುವ ಕೋಣೆಯ ಪಕ್ಕ ಗಾಡಿ ನಿಲ್ಲಿಸುವವರ ಇಂಜಿನ್ನಿಗೆ ಇಲಿಗಳ ಕಾಟ ತಪ್ಪದು. ಅವು ಕೊಳವೆ, ವೈರು ಕಡಿಯುತ್ತವೆ, ಏರ್ ಫಿಲ್ಟರ್ ಡಬ್ಬಿಯಲ್ಲಿ ಹುಲ್ಲು ತುಂಬಿ ಗೂಡು ಕಟ್ಟುತ್ತವೆ. ವಾರಕ್ಕೊಮ್ಮೆ ಬಾನೆಟ್ಟು ಅಥವಾ ಸೀಟು ಎತ್ತಿ ನೋಡುವ ಅಭ್ಯಾಸ ಒಳ್ಳೆಯದು.

ಭಾರ ಎಳೆಯುವಾಗ ಮಾತ್ರ ಬರುವ ಸದ್ದು

ಸ್ಟೀಲ್ ಬಿಂದಿಗೆಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು: ಪೆಟ್ರೋಲ್ ಗಾಡಿ ಭಾರ ಹೊತ್ತು ಏರು ಹತ್ತುವಾಗ, ದೊಡ್ಡ ಗೇರಿನಲ್ಲೇ ಇದ್ದು ರೇಸ್ ಒತ್ತಿದರೆ ಟಿಣಿಟಿಣಿ, ಕಟಕಟ ಎನ್ನುತ್ತದೆ. ಇಂಜಿನ್ನಿನೊಳಗೆ ಪೆಟ್ರೋಲು ಸರಿಯಾದ ಕ್ರಮದಲ್ಲಿ ಉರಿಯದೆ ಸಿಡಿಯುವಾಗ ಬರುವ ಸದ್ದು ಇದು. ಮೊದಲ ಮದ್ದು ನಿಮ್ಮ ಕೈಯಲ್ಲೇ ಇದೆ. ಗೇರು ಇಳಿಸಿ. ಎತ್ತು ಏರಿನಲ್ಲಿ ತಿಣುಕುವಾಗ ಬಾರುಕೋಲು ಬೀಸಿದರೆ ಪ್ರಯೋಜನವಿಲ್ಲ. ಹಾಗೆಯೇ ದೊಡ್ಡ ಗೇರಿನಲ್ಲಿ ರೇಸ್ ಒತ್ತಿದಷ್ಟೂ ಇಂಜಿನ್ನಿಗೆ ಪೆಟ್ಟು. ಗೇರು ಇಳಿಸಿದ ಮೇಲೂ, ಸಮತಟ್ಟು ರಸ್ತೆಯಲ್ಲೂ ಬರುತ್ತಿದ್ದರೆ ಇಂಜಿನ್ ಅತಿಯಾಗಿ ಕಾಯುತ್ತಿದೆಯೇ, ಒಳಗೆ ಮಸಿ ಕಟ್ಟಿದೆಯೇ, ಟೈಮಿಂಗ್ ಸರಿಯಿದೆಯೇ, ಪೆಟ್ರೋಲಿನಲ್ಲಿ ಕಲಬೆರಕೆಯಿದೆಯೇ ಎಂದು ತೋರಿಸಿ. ಡೀಸೆಲ್ ಇಂಜಿನ್ ಸಹಜವಾಗಿಯೇ ಕಟಕಟ ಎನ್ನುತ್ತದೆ. ಅದರಲ್ಲಿ ನಿನ್ನೆಗಿಂತ ಇಂದು ಸದ್ದು ಬೇರೆಯಾಗಿದೆಯೇ ಎಂಬುದನ್ನಷ್ಟೇ ಗಮನಿಸಿ.

ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ: ರೇಸ್ ಕೊಟ್ಟಷ್ಟೂ ಇಂಜಿನ್ ಸದ್ದು ಏರುತ್ತದೆ, ವೇಗ ಮಾತ್ರ ಏರುವುದಿಲ್ಲ. ಸುಟ್ಟ ವಾಸನೆಯೂ ಬರಬಹುದು. ಇದು ಕ್ಲಚ್ ಜಾರುವ ಲಕ್ಷಣ. ಕ್ಲಚ್ ಕೇಬಲ್ ಇರುವ ಗಾಡಿಯಲ್ಲಿ ಕೇಬಲ್ ತೀರಾ ಬಿಗಿಯಾಗಿದ್ದರೂ ಹೀಗಾಗುತ್ತದೆ. ಆದ್ದರಿಂದ ಕ್ಲಚ್ ಪ್ಲೇಟ್ ಬದಲಾಯಿಸುವ ಮೊದಲು ಕೇಬಲ್ ನೋಡಲು ಹೇಳಿ. ಪ್ಲೇಟ್ ಬದಲಾಯಿಸಬೇಕೆಂದರೆ ಗೇರ್‌ಬಾಕ್ಸ್ ಇಳಿಸಬೇಕು, ಕೂಲಿ ಹೆಚ್ಚು. ಓಡಿಸುವಾಗ ಎಡಗಾಲನ್ನು ಕ್ಲಚ್ ಮೇಲೆ ಇಟ್ಟುಕೊಂಡೇ ಹೋಗುವ ಅಭ್ಯಾಸ ಪ್ಲೇಟನ್ನು ಬೇಗ ಸವೆಸುತ್ತದೆ.

ಹೊರಡುವಾಗ ಒಂದು ಸಲ ಧಡ್ ಅಥವಾ ಟಣ್: ಕ್ಲಚ್ ಬಿಟ್ಟು ರೇಸ್ ಕೊಟ್ಟಾಗ ಒಂದು ಪೆಟ್ಟು, ಕಾಲು ತೆಗೆದಾಗ ಇನ್ನೊಂದು ಪೆಟ್ಟು ಬರುತ್ತಿದ್ದರೆ ಎರಡು ಕಡೆ ನೋಡಬೇಕು. ಇಂಜಿನ್ ಕೂರುವ ರಬ್ಬರ್ ಮೌಂಟಿಂಗ್ ಹರಿದಿದ್ದರೆ ಇಂಜಿನ್ ಅಲ್ಲಾಡಿ ಧಡ್ ಎನ್ನುತ್ತದೆ. ಹಿಂದಿನ ಚಕ್ರ ಎಳೆಯುವ ವ್ಯಾನು, ಗೂಡ್ಸ್ ಗಾಡಿಗಳಲ್ಲಿ ಉದ್ದದ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿದ್ದರೆ ಟಣ್ ಎನ್ನುತ್ತದೆ, ವೇಗ ಏರಿದಾಗ ಗಾಡಿ ನಡುಗುತ್ತದೆ. ಕ್ರಾಸ್ ಪೂರ್ತಿ ಕಿತ್ತುಹೋದರೆ ಶಾಫ್ಟ್ ರಸ್ತೆಗೆ ಬೀಳುವ ಅಪಾಯವಿದೆ. ಇದನ್ನು ನಾಳೆಗೆ ಇಡಬೇಡಿ.

ತಿರುವಿನಲ್ಲಿ ರೇಸ್ ಕೊಟ್ಟಾಗ ಕಟ್ ಕಟ್ ಕಟ್: ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಇದು ಆಕ್ಸೆಲ್ ಜಾಯಿಂಟಿನ ಸದ್ದು. ಆ ಜಾಯಿಂಟಿಗೆ ಗ್ರೀಸ್ ತುಂಬಿ ರಬ್ಬರ್ ಚೀಲ ಹಾಕಿರುತ್ತಾರೆ. ರಬ್ಬರ್ ಹರಿದರೆ ಗ್ರೀಸ್ ಹೊರಗೆ ಸಿಡಿದು, ಒಳಗೆ ಮಣ್ಣು ನೀರು ಸೇರಿ ಜಾಯಿಂಟ್ ಸವೆಯುತ್ತದೆ. ಮುಂದಿನ ಚಕ್ರದ ಒಳಗಡೆ ಗ್ರೀಸ್ ಎರಚಿದಂತೆ ಕಂಡರೆ, ಸದ್ದು ಶುರುವಾಗುವ ಮೊದಲೇ ರಬ್ಬರ್ ಮತ್ತು ಗ್ರೀಸ್ ಹಾಕಿಸಿ. ಅದು ಸಣ್ಣ ಖರ್ಚು. ಸದ್ದು ಬಂದ ಮೇಲೆ ಜಾಯಿಂಟನ್ನೇ ಬದಲಾಯಿಸಬೇಕಾಗುತ್ತದೆ.

ಊಂ... ಎಂಬ ಗೋಳು: ರೇಸ್ ಕೊಟ್ಟಾಗ ಒಂದು ಸ್ವರ, ಕಾಲು ತೆಗೆದಾಗ ಇನ್ನೊಂದು ಸ್ವರ ಬರುತ್ತಿದ್ದರೆ ಗೇರ್‌ಬಾಕ್ಸ್ ಅಥವಾ ಹಿಂದಿನ ಡಿಫರೆನ್ಷಿಯಲ್ ಕಡೆ ಅನುಮಾನಪಡಿ. ಬಿಚ್ಚಿಸುವ ಮೊದಲು ಅದರ ಆಯಿಲ್ ಮಟ್ಟ ನೋಡಿಸಿ. ಇಂಜಿನ್ ಆಯಿಲ್ ನೋಡುವವರೂ ಈ ಆಯಿಲನ್ನು ಮರೆಯುತ್ತಾರೆ.

ಕಾಲು ತೆಗೆದರೂ ನಿಲ್ಲದ ಸದ್ದು

ಬೀಸುವ ಕಲ್ಲಿನಂತೆ ಗುರ್‍ರ್ ಎಂಬ ಸದ್ದು ವೇಗದ ಜೊತೆ ಏರಿ, ವೇಗದ ಜೊತೆ ಇಳಿಯುತ್ತಿದ್ದರೆ ಅದು ಹೆಚ್ಚಾಗಿ ಚಕ್ರದ ಬೇರಿಂಗ್. ವಿಶಾಲವಾದ ತಿರುವಿನಲ್ಲಿ ಗಮನಿಸಿ. ಎಡಕ್ಕೆ ತಿರುಗಿದಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ. ಬಲಕ್ಕೆ ತಿರುಗಿದಾಗ ಜೋರಾದರೆ ಎಡಗಡೆಯದು. ಟಯರು ಒಂದೇ ಕಡೆ ಸವೆದಿದ್ದರೂ ಇಂಥದೇ ಸದ್ದು ಬರುತ್ತದೆ. ಆದ್ದರಿಂದ ಬೇರಿಂಗ್ ಬದಲಾಯಿಸುವ ಮೊದಲು ಟಯರಿನ ಮೇಲೆ ಕೈಯಾಡಿಸಿ ಏರುತಗ್ಗು ಇದೆಯೇ ನೋಡಿ.

ಟಯರಿನಲ್ಲಿ ಸಿಕ್ಕಿದ ಜಲ್ಲಿಕಲ್ಲು ಟಿಕ್ ಟಿಕ್ ಎನ್ನುತ್ತದೆ. ತೆಗೆದರೆ ಮುಗಿಯಿತು. ಆದರೆ ಪಂಕ್ಚರ್ ಹಾಕಿಸಿದ ಮೇಲೆ ಶುರುವಾದ ಟಕ್ ಟಕ್ ಸದ್ದನ್ನು ಎಂದಿಗೂ ಹಗುರಾಗಿ ತೆಗೆದುಕೊಳ್ಳಬೇಡಿ. ಗಾಡಿ ನಿಲ್ಲಿಸಿ ವೀಲ್ ನಟ್ಟುಗಳನ್ನು ಸ್ಪ್ಯಾನರಿನಿಂದ ಬಿಗಿ ಮಾಡಿ. ಚಕ್ರ ಬಿಚ್ಚಿ ಹಾಕಿದಾಗಲೆಲ್ಲ, 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನಟ್ಟು ನೋಡಿಸಬೇಕು.

ನಮ್ಮ ಕಡೆಯ ಇನ್ನೊಂದು ಸದ್ದು ಸುಗ್ಗಿ ಕಾಲದ್ದು. ರಸ್ತೆ ಮೇಲೆ ಒಕ್ಕಣೆಗೆಂದು ಹರಡಿದ ರಾಗಿ, ಹುರುಳಿಯ ಮೇಲೆ ಹೋದಾಗ ಹುಲ್ಲು ಗಾಡಿಯ ಅಡಿಯಲ್ಲಿ ಸುತ್ತಿಕೊಂಡು ಪರಪರ ಎಂದು ಉಜ್ಜುತ್ತದೆ. ಕಾದ ಸೈಲೆನ್ಸರಿಗೆ ಒಣಹುಲ್ಲು ತಾಗಿದರೆ ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಡ. ಉಜ್ಜುವ ಸದ್ದು ಅಥವಾ ಹುಲ್ಲು ಸುಟ್ಟ ವಾಸನೆ ಬಂದರೆ ಹುಲ್ಲಿನ ರಾಶಿಯಿಂದ ದೂರ ಹೋಗಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಎಲ್ಲರೂ ಕೆಳಗಿಳಿದು ಅಡಿ ನೋಡಿ. ಹುಲ್ಲನ್ನು ಬರಿಗೈಯಲ್ಲಿ ಎಳೆಯಬೇಡಿ, ಕೋಲಿನಿಂದ ತೆಗೆಯಿರಿ.

ಮೊಪೆಡ್ ಮತ್ತು ಸ್ಕೂಟರ್ ಇರುವವರಿಗೆ

ಚೈನ್ ಇರುವ ಮೊಪೆಡ್ ರೇಸ್ ಕೊಟ್ಟಾಗ ಚಟ್ ಚಟ್ ಎಂದು ಬಡಿದರೆ ಚೈನ್ ಸಡಿಲವಾಗಿದೆ, ಕಿರಕಿರ ಎಂದರೆ ಒಣಗಿದೆ. ಇಂಜಿನ್ ಆಫ್ ಮಾಡಿ ಸ್ಟ್ಯಾಂಡ್ ಹಾಕಿ, ಚೈನಿನ ನಡುಭಾಗವನ್ನು ಮೇಲೆ ಕೆಳಗೆ ಆಡಿಸಿ ನೋಡಿ. ಸಾಮಾನ್ಯವಾಗಿ 2ರಿಂದ 3 ಸೆಂ.ಮೀ. ಆಡಿದರೆ ಸರಿ. ನಿಮ್ಮ ಗಾಡಿಗೆ ಎಷ್ಟು ಎಂಬುದು ಕೈಪಿಡಿಯಲ್ಲಿರುತ್ತದೆ. ಚೈನ್ ಚಕ್ರದ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಮಾತ್ರ ಬದಲಾಯಿಸಿ ಪ್ರಯೋಜನವಿಲ್ಲ, ಎರಡನ್ನೂ ಸೇರಿಸಿ ಬದಲಾಯಿಸಬೇಕು. ಇಂಜಿನ್ ಓಡುವಾಗ ಚೈನಿಗೆ ಎಣ್ಣೆ ಹಾಕುವುದಾಗಲಿ ಬಟ್ಟೆಯಿಂದ ಒರೆಸುವುದಾಗಲಿ ಬೇಡ. ಹಾಗೆ ಮಾಡಹೋದರೆ ಬೆರಳು ಸಿಕ್ಕಿಬೀಳುತ್ತದೆ. ಸೆರಗು, ವೇಲುಗಳನ್ನು ಬಿಗಿಯಾಗಿ ಸಿಕ್ಕಿಸಿಕೊಂಡೇ ಗಾಡಿಯ ಹತ್ತಿರ ಕೂತುಕೊಳ್ಳಿ.

ಗೇರಿಲ್ಲದ ಸ್ಕೂಟರಿನಲ್ಲಿ ಚೈನ್ ಇರುವುದಿಲ್ಲ, ಎಡಗಡೆಯ ಡಬ್ಬಿಯೊಳಗೆ ರಬ್ಬರ್ ಬೆಲ್ಟ್ ಇರುತ್ತದೆ. ಹೊರಡುವಾಗ ಕಿರ್ ಎಂದು ನಡುಗಿದರೆ ಕ್ಲಚ್ಚಿನ ಶೂಗಳಲ್ಲಿ ಧೂಳು ತುಂಬಿರಬಹುದು ಅಥವಾ ಅವು ಸವೆದಿರಬಹುದು. ನಿಧಾನದಲ್ಲಿ ಕಟಕಟ ಎಂದರೆ ಒಳಗಿನ ರೋಲರ್ ಸವೆದಿರಬಹುದು. ಬೆಲ್ಟಿಗೂ ಒಂದು ಆಯುಸ್ಸು ಇದೆ. ಎಷ್ಟು ಕಿ.ಮೀ.ಗೆ ಬದಲಾಯಿಸಬೇಕೆಂದು ಕೈಪಿಡಿ ನೋಡಿ ಬರೆದಿಟ್ಟುಕೊಳ್ಳಿ. ಕ್ಯಾನು ತೂಗುಹಾಕಿಕೊಂಡು ಹೋಗುವಾಗ ಬೆಲ್ಟು ತುಂಡಾದರೆ ಗಾಡಿ ತಳ್ಳಿಕೊಂಡೇ ಬರಬೇಕು.

ಈ ಸದ್ದು ಬಂದರೆ ಮುಂದೆ ಹೋಗಬೇಡಿ

ಇಂಜಿನ್ನಿನ ಒಳಗಿನಿಂದ ಒನಕೆ ಕುಟ್ಟಿದಂಥ ಭಾರವಾದ ಧಡ್ ಧಡ್ ಸದ್ದು, ಅದರ ಜೊತೆ ಮುಂದಿನ ಫಲಕದಲ್ಲಿ ಎಣ್ಣೆ ಗಿಂಡಿಯ ಗುರುತಿನ ಕೆಂಪು ದೀಪ. ಇವೆರಡರಲ್ಲಿ ಒಂದು ಕಂಡರೂ ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ. "ಡೇರಿ ಇನ್ನು ಒಂದು ಮೈಲಿ ಅಷ್ಟೇ" ಎಂದು ಓಡಿಸಿದರೆ, ಆಯಿಲ್ ಹಾಕಿದರೆ ಉಳಿಯುತ್ತಿದ್ದ ಇಂಜಿನ್ ಆ ಒಂದು ಮೈಲಿಯಲ್ಲೇ ಹಿಡಿದುಕೊಂಡುಬಿಡಬಹುದು. ಸ್ವಲ್ಪ ಹೊತ್ತು ಬಿಟ್ಟು, ಸಮತಟ್ಟಾದ ಜಾಗದಲ್ಲಿ, ಆಯಿಲ್ ಕಡ್ಡಿ ಎಳೆದು ಒರೆಸಿ, ಮತ್ತೆ ಪೂರ್ತಿ ಒಳಗಿಟ್ಟು ತೆಗೆಯಿರಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು.

ಇಂಜಿನ್ ಕಾದು ಕುದಿಯುವ ಸದ್ದು ಬಂದರೂ ನಿಲ್ಲಿಸಬೇಕು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಬ್ರೇಕ್ ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು, ಚಕ್ರ ಅಲ್ಲಾಡುವ ಭಾವನೆ, ಕೆಳಗಿನಿಂದ ಶಾಫ್ಟ್ ಬಡಿಯುವ ಸದ್ದು, ಇವೂ ಇದೇ ಪಟ್ಟಿಗೆ ಸೇರಿದವು. ಅಂಥ ಹೊತ್ತಿನಲ್ಲಿ ಸಂಘದ ಕಾರ್ಯದರ್ಶಿಯವರಿಗೆ ಒಂದು ಫೋನ್ ಮಾಡಿ ಬೇರೆ ಗಾಡಿಯಲ್ಲಿ ಹಾಲು ಕಳುಹಿಸುವ ಏರ್ಪಾಡು ನೋಡಿ. ಒಂದು ಹೊತ್ತಿನ ಹಾಲು ಹೋದರೂ ನಾಳೆ ಮತ್ತೆ ಕರೆಯಬಹುದು.

ಗ್ಯಾರೇಜಿನಲ್ಲಿ ಹೇಗೆ ಹೇಳಬೇಕು?

ಹಸು ಗಬ್ಬ ಕಟ್ಟಿಸಿದ ದಿನ ಬರೆದಿಡುವ ಪುಸ್ತಕದಲ್ಲೇ ಒಂದು ಹಾಳೆ ಗಾಡಿಗೆ ಇರಲಿ. ಸದ್ದು ಕೇಳಿದ ದಿನ ಇಷ್ಟನ್ನು ಬರೆಯಿರಿ:

• ಯಾವತ್ತಿನಿಂದ? ಅದಕ್ಕೆ ಮೊದಲು ಏನಾದರೂ ಕೆಲಸ ಮಾಡಿಸಿತ್ತೇ, ಹಳ್ಳಕ್ಕೆ ಬಿದ್ದಿತ್ತೇ?
• ಇಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ?
• ನಿಂತಲ್ಲಿ ರೇಸ್ ಕೊಟ್ಟರೂ ಬರುತ್ತದೆಯೇ, ಓಡುವಾಗ ಮಾತ್ರವೇ?
• ಕಾಲು ತೆಗೆದರೆ ನಿಲ್ಲುತ್ತದೆಯೇ?
• ಭಾರ ಇದ್ದಾಗ, ಏರಿನಲ್ಲಿ, ತಿರುವಿನಲ್ಲಿ ಹೆಚ್ಚಾಗುತ್ತದೆಯೇ?
• ಜೊತೆಗೆ ವಾಸನೆ, ಹೊಗೆ, ನಡುಕ, ದೀಪ ಏನಾದರೂ ಕಂಡಿತೇ?

ಆಗಾಗ ಬಂದು ಹೋಗುವ ಸದ್ದಾದರೆ ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಗ್ಯಾರೇಜಿಗೆ ಹೋದ ದಿನ ಹಠ ಹಿಡಿದ ಮಗುವಿನಂತೆ ಗಾಡಿ ಸುಮ್ಮನಿರುವುದುಂಟು.

ಇಷ್ಟು ಹೇಳಿದ ಮೇಲೆ ಮೆಕ್ಯಾನಿಕ್ ಅವರನ್ನು ಜೊತೆಗೆ ಕೂರಿಸಿಕೊಂಡು ಒಂದು ಸುತ್ತು ಹೋಗಿ, ಸದ್ದು ಕೇಳಿಸಿ. ಆಮೇಲೆ ಯಾವ ಸಾಮಾನು, ಯಾಕೆ, ಎಷ್ಟು ಖರ್ಚು ಎಂದು ಕೇಳಿ ಒಪ್ಪಿದ ಮೇಲೆಯೇ ಬಿಚ್ಚಲಿ. "ಗೇರ್‌ಬಾಕ್ಸ್ ಇಳಿಸಬೇಕು" ಎಂದರೆ, "ನಿಂತಲ್ಲಿ ರೇಸ್ ಕೊಟ್ಟರೂ ಈ ಸದ್ದು ಬರುತ್ತದಲ್ಲ, ಮೊದಲು ಸೈಲೆನ್ಸರ್ ತಗಡು ನೋಡಿಬಿಡೋಣವೇ?" ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ಮೆಕ್ಯಾನಿಕ್‌ಗೆ ಇಂಥ ಪ್ರಶ್ನೆಯಿಂದ ಬೇಸರವಾಗುವುದಿಲ್ಲ, ಅವರ ಕೆಲಸವೂ ಹಗುರಾಗುತ್ತದೆ. ಬದಲಾಯಿಸಿದ ಹಳೆಯ ಸಾಮಾನನ್ನು ತೋರಿಸಲು ಹೇಳಿ, ಬಿಲ್ಲು ತೆಗೆದುಕೊಳ್ಳಿ. ಹೊರಡುವ ಮುನ್ನ ಅದೇ ರಸ್ತೆಯಲ್ಲಿ, ಸಾಧ್ಯವಾದರೆ ಅಷ್ಟೇ ಭಾರ ಹಾಕಿ ಓಡಿಸಿ ನೋಡಿ.

ಚೆನ್ನಾಗಿರುವ ಗಾಡಿಯ ಸದ್ದು ಹೇಗಿರುತ್ತದೆ ಎಂದು ತಿಳಿದವರಿಗೆ ಕೆಟ್ಟ ಸದ್ದು ಬೇಗ ಗೊತ್ತಾಗುತ್ತದೆ. ಕತ್ತಲಲ್ಲಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತೇ ಯಾವ ಹಸು ಉಸಿರು ಎಳೆಯುವುದು ಬೇರೆಯಾಗಿದೆ ಎಂದು ಹೇಳಬಲ್ಲ ನಿಮಗೆ ಇದು ಹೊಸ ವಿದ್ಯೆಯಲ್ಲ. ನಾಳೆ ಬೆಳಗ್ಗೆ ಕ್ಯಾನು ಏರಿಸುವ ಮೊದಲು ಒಂದು ನಿಮಿಷ ಇಂಜಿನ್ ಓಡಿಸಿ, ರೇಡಿಯೋ ಹಾಕದೆ, ಅದರ ಸದ್ದನ್ನು ಕೇಳಿಸಿಕೊಳ್ಳಿ. ಮುಂದೊಂದು ದಿನ ಅದು ಬದಲಾದರೆ ಮೊದಲು ಗೊತ್ತಾಗುವುದು ನಿಮಗೇ.